ಕೂರಬಾರದ ಕಟ್ಟಿಗೆ

“ಹೊಸ್ತಿಲನ್ನ ಯಾಕ್ರಿ ಮೇಷ್ಟ್ರ ನಿಲ್ಲಿಸೀರಿ? ಬಾಗ್ಲ ನಿಲ್ಲಬೇಕು, ಹೊಸ್ತಿಲ ಮಲಗಬೇಕು.”

ಬೇಲಿಯಾಚೆಯಿಂದ ಬಡಿಗೇರ ಕಾಕಾ ಹೀಗೆ ಕೇಳಿದಾಗ ನಾನು ಕಟ್ಟೆಯ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದೆ. ನಮ್ಮ ಹಳೇ ಮನೆಯ ತಲೆಬಾಗಿಲ ಹೊಸ್ತಿಲು ಎಷ್ಟೋ ತಿಂಗಳಿಂದ ಆ ಬೇಲಿಗೇ ಒರಗಿಕೊಂಡಿದೆ. ಮಳೆ ಬಂದರೆ ಮೇಲೊಂದು ಗೊಬ್ಬರದ ಚೀಲ ಹೊದಿಸುತ್ತೇನೆ, ಬಿಸಿಲು ಬಂದರೆ ತೆಗೆಯುತ್ತೇನೆ. ಅದಕ್ಕಿಂತ ಹೆಚ್ಚಿಗೆ ಅದನ್ನು ಏನು ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಬೇಲಿಯೂ ಹೆಸರಿಗಷ್ಟೇ ಬೇಲಿ. ಬಳ್ಳಾರಿ ಜಾಲಿಯ ಮುಳ್ಳುಕಂಟಿ ಒಟ್ಟಿದ್ದು. ನಡುವೆ ಎದೆಮಟ್ಟಕ್ಕೆ ಒಂದು ಕಿಂಡಿ ಬಿದ್ದು ವರ್ಷಗಳಾದವು. ಸಾರು, ಮಜ್ಜಿಗೆ, ನಿನ್ನೆಯ ಪೇಪರು, ಊರ ಸುದ್ದಿ ಎಲ್ಲ ದಾಟುವುದು ಅಲ್ಲಿಂದಲೇ. ಮುಚ್ಚಬೇಕೆಂದು ಈ ಕಡೆಯವರಿಗೂ ಅನಿಸಿಲ್ಲ, ಆ ಕಡೆಯವರಿಗೂ ಅನಿಸಿಲ್ಲ.

ಕಾಕಾಗೆ ಎಂಬತ್ತು ಹತ್ತಿರ ಬಂತು. ಕಣ್ಣಿಗೆ ಪೊರೆ ತೆಗೆಸಿದ್ದಾಗಿದೆ. ಆದರೂ ಒಂದು ಹಲಗೆಯನ್ನು ಮುಟ್ಟಿದರೆ ಯಾವ ಮರ, ಎಷ್ಟು ವರ್ಷ ಬಿಸಿಲು ಕಂಡಿದೆ, ಹುಳ ಎಲ್ಲಿ ತನಕ ಹೊಕ್ಕಿದೆ ಎಂದು ಹೇಳಿಬಿಡುತ್ತಾರೆ. ನಮ್ಮ ಹಿರೇಹಡಗಲಿಯ ಅರ್ಧ ಊರಿನ ಕುಂಟೆ, ಕೂರಿಗೆ, ಬಂಡಿಯ ನೊಗ ಒಂದು ಕಾಲಕ್ಕೆ ಅವರ ಕೈಯಲ್ಲೇ ಆದವು. ಸುಗ್ಗಿಗೆ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದ ಕೊನೆಯ ತಲೆಮಾರು ಅವರದು. ಟ್ರ್ಯಾಕ್ಟರು ಬಂದ ಮೇಲೆ ಆಯ ನಿಂತಿತು. ಬಾಚಿ ಮಾತ್ರ ಇನ್ನೂ ಮಾಡದಲ್ಲಿದೆ, ಎಣ್ಣೆ ಸವರಿಸಿಕೊಂಡು.

ಹೊಸ್ತಿಲು ಬೇಲಿಗೆ ಬಂದ ಕತೆ ಇಷ್ಟು. ನಾವು ಅಣ್ಣತಮ್ಮಂದಿರು ಪಾಲಾದೆವು. ಮುತ್ತಜ್ಜ ಕಟ್ಟಿಸಿದ ಎಂಟಂಕಣದ ಮಾಳಿಗೆ ಮನೆಯನ್ನು ಮೂರು ಪಾಲು ಮಾಡಿದರೆ ಯಾರ ಪಾಲಿಗೂ ಪೂರ್ತಿ ಅಂಕಣ ಬರುವುದಿಲ್ಲ. ಎರಡೂ ಚಿಲ್ಲರೆ ಅಂಕಣದಲ್ಲಿ ಮಲಗುವುದಾದರೂ ಹೇಗೆ? ಕೆಡವಿ ಆರ್‌ಸಿಸಿ ಹಾಕುವುದೆಂದಾಯಿತು. ಜೇಸೀಬಿಗೆ ಒಂದು ಹಗಲು ಸಾಕಾಯಿತು. ಮೊದಲು ಮಾಳಿಗೆಯ ಮಣ್ಣು ಉದುರಿತು, ಅದರಡಿಯ ಬೇವಿನ ಸೊಪ್ಪು ಪುಡಿಪುಡಿಯಾಗಿ ಹಾರಿತು, ಆಮೇಲೆ ಜಂತಿ, ತೊಲೆ, ಬೋದಿಗೆ, ಕಂಬ. ಅದೂ ಒಂದೇ ಮರವಲ್ಲ. ಕಂಬ ಬೇವಿನವು, ಜಂತಿ ಜಾಲಿಯವು, ನಡುಮನೆಯ ದೊಡ್ಡ ತೊಲೆ ಕಮರದ್ದು, ತಲೆಬಾಗಿಲ ಚೌಕಟ್ಟು ಮಾತ್ರ ತೇಗದ್ದು. ಮುತ್ತಜ್ಜನ ಕೈಯಲ್ಲಿದ್ದ ರೊಕ್ಕವೆಲ್ಲ ಬಂದವರ ಕಣ್ಣಿಗೆ ಬೀಳುವ ಜಾಗಕ್ಕೇ ಹೋಗಿತ್ತು ಅಂತ ಕಾಣುತ್ತದೆ. ಈಗ ನಾವು ಮನೆಯ ಮುಂಗೋಡೆಗೆ ಮಾತ್ರ ಟೈಲ್ಸ್ ಹಚ್ಚುವುದಿಲ್ಲವೇ, ಹಾಗೆ.

ಆ ಬೇವಿನ ಕಂಬಗಳನ್ನು ನೆನೆದರೆ ನನಗೆ ನಗು ಬರುತ್ತದೆ. ಅವನ್ನು ನಿಲ್ಲಿಸಿದಾಗ ನಮ್ಮೂರು ಮದ್ರಾಸು ಪ್ರಾಂತದಲ್ಲಿತ್ತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕವಾಯಿತು. 2021ರಲ್ಲಿ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಪಕ್ಕದ ಹರಪನಹಳ್ಳಿಯವರಂತೂ ನಡುವೆ ದಾವಣಗೆರೆಗೂ ಹೋಗಿ ಬಂದರು. ಇಷ್ಟೆಲ್ಲ ಆದರೂ ಕಂಬ ನಿಂತಲ್ಲಿಂದ ಒಂದು ಬೆರಳು ಸರಿದಿರಲಿಲ್ಲ. ಅಂಥವು ಕೊನೆಗೆ ಒಂದು ಟಾಟಾ ಏಸ್ ಹತ್ತಿ ಇಟ್ಟಂಗಿ ಭಟ್ಟಿಗೆ ಹೋದವು. ಹೌದು, ಮಾರಿದವನು ನಾನೇ. ಸೌದೆಯ ರೇಟಿಗೆ, ಕ್ವಿಂಟಲು ಲೆಕ್ಕದಲ್ಲಿ. ತಕ್ಕಡಿಗೆ ಏರಿಸುವಾಗ ವ್ಯಾಪಾರಿ ಬೋದಿಗೆಯ ಮೇಲಿನ ಗಿಳಿಯ ಕೆತ್ತನೆ ಕಂಡು, “ಇದಕ್ಕೇನ್ ಜಾಸ್ತಿ ಇಲ್ರಿ ಸರ್, ಗಿಳೀನೂ ಕಟಿಗೀನ” ಅಂದ. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ಸಂಕಟವಾಗುತ್ತದೆ.

ಉಳಿದದ್ದು ಮೂರೇ ಸಾಮಾನು. ಕಮರದ ತೊಲೆ ಭಾರಕ್ಕೆ ಉಳಿಯಿತು. ಏರಿಸಲು ಬಂದ ಇಬ್ಬರು ಹುಡುಗರು ಸೊಂಟ ಹಿಡಿದುಕೊಂಡು ಕೂತುಬಿಟ್ಟರು. ನಾಲ್ಕು ಜಂತಿ ದನದ ಹಕ್ಕೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವು. ಹೊಸ್ತಿಲನ್ನು ಉಳಿಸಿದವಳು ನನ್ನ ಮನೆಯಾಕೆ. ವ್ಯಾಪಾರಿ ಕೈ ಹಾಕಿದಾಗ ಆಕೆ, “ಅದಕ್ಕ ಮೂವತ್ತೆಂಟು ವರ್ಷ ಅರಿಷಿಣ ಹಚ್ಚೀನಿ, ತಕ್ಕಡಿ ಮ್ಯಾಲ ಇಡಬ್ಯಾಡ” ಅಂದಳು. ವ್ಯಾಪಾರಿ ಕೈ ತೆಗೆದ. ಅವನಿಗೂ ಮನೆಯಲ್ಲಿ ಹೆಂಡತಿ ಇರಬೇಕು.

ಇದಾಗಿ ಎಂಟು ದಿನಕ್ಕೆ ಬೆಂಗಳೂರಿನಿಂದ ಮಗ ಫೋನಿಗೆ ಒಂದು ಚಿತ್ರ ಕಳಿಸಿದ. ಯಾವುದೋ ಅಂಗಡಿಯ ಬೆಂಚು. ಮೈತುಂಬ ಬಿರುಕು, ಮೊಳೆಯ ತೂತು, ಅಂಚಿನಲ್ಲಿ ಸುಟ್ಟ ಕಲೆ. ಕೆಳಗೆ ಬೆಲೆ ನಲವತ್ತೆಂಟು ಸಾವಿರ. “ಅಪ್ಪಾ, ಇದಕ್ಕೆ ರಿಕ್ಲೇಮ್ಡ್ ವುಡ್ ಅಂತಾರೆ. ನಮ್ಮ ಮನೆ ತೊಲೆ ಥೇಟ್ ಹಿಂಗೇ ಇತ್ತಲ್ಲ, ಇಟ್ಟೀರಿ ತಾನೆ?” ಅಂತ ಬರೆದಿದ್ದ. ಕಿಂಡಿಯಲ್ಲಿ ಫೋನು ದಾಟಿಸಿದೆ. ಕಾಕಾ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಬಿರುಕಿಗೂ ರೊಕ್ಕ ಹಿಡದಾರೇನ್ರಿ?”

“ಬಿರುಕಿಗೇ ರೊಕ್ಕ ಅಂತ ಕಾಕಾ. ನುಣ್ಣಗಿದ್ದದ್ದು ಕಡಿಮಿ ಬೆಲೆ.”

“ನನ್ನ ಮೈಯಾಗೂ ಬಾಳ ಅದಾವ. ಒಂದು ಫೋಟೋ ಹೊಡದು ಕಳಸ್ರಿ ಹಂಗಾರ.”

ಬೆಂಚು ಮಾಡುವ ಮಾತು ಹುಟ್ಟಿದ್ದು ಅವತ್ತೇ. ಕಾಕಾ ಕೆಲಸ ಬಿಟ್ಟು ಹತ್ತು ವರ್ಷದ ಮೇಲಾಗಿದೆ. ಅವರ ಮೊಮ್ಮಗ ಹಡಗಲಿಯಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನೆ. ಅಜ್ಜ ಕೂತು ಹೇಳುವುದು, ಮೊಮ್ಮಗ ಭಾನುವಾರ ಬಂದು ಮಾಡುವುದು ಎಂದು ಒಪ್ಪಂದವಾಯಿತು. ಮೊಮ್ಮಗ ಮಷೀನು ತಂದ, ಅಜ್ಜ ಮಷೀನಿಗೆ ಮುಂಚೆ ಒಂದು ಅಯಸ್ಕಾಂತ ತಂದರು. ಹಾಳಾದ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು. ಅದನ್ನು ಹಿಡಿದು ತೊಲೆ, ಜಂತಿಗಳುದ್ದಕ್ಕೂ, ಮಗುವಿನ ಬೆನ್ನು ಸವರುವ ಹಾಗೆ, ನಿಧಾನಕ್ಕೆ ಸವರಿದರು. ಎಲ್ಲಿ ಟಕ್ಕೆಂದು ಹಿಡಿಯಿತೋ ಅಲ್ಲಿ ಸುಣ್ಣದ ಗುರುತು. ಮೂರು ತಲೆಮಾರಿನವರು ಏನೇನಕ್ಕೋ ಹೊಡೆದ ಮೊಳೆಗಳು, ತಲೆ ಮುರಿದು ಒಳಗೇ ಉಳಿದವು, ಇಪ್ಪತ್ತಾರು ಸಿಕ್ಕವು. ಒಂದನ್ನು ಬಿಟ್ಟಿದ್ದರೂ ಮೊಮ್ಮಗನ ಗರಗಸದ ಚಕ್ರ ಹಲ್ಲು ಉದುರಿಸಿಕೊಳ್ಳುತ್ತಿತ್ತು. ಹಳೇ ಕಟ್ಟಿಗೆಯ ಕೆಲಸದಲ್ಲಿ ಅರ್ಧ ಕೆಲಸ ಇದೇ, ಕೊಯ್ಯುವುದು ಮಿಕ್ಕರ್ಧ.

ಜಂತಿಯಿಂದ ಮೊಳೆ ಕಿತ್ತಲ್ಲೆಲ್ಲ ಸುತ್ತಲೂ ಒಂದು ಕಪ್ಪು ಹೂ ಅರಳಿದಂಥ ಕಲೆ. ನೀಲಿಗಪ್ಪು. ರಂದ ಹೊಡೆದರೂ ಹೋಗಲಿಲ್ಲ, ಒಳಗಿಳಿದಿತ್ತು. ನನಗೆ ಥಟ್ಟನೆ ನೆನಪಾದದ್ದು ಬಾಲ್ಯದ ಶಾಯಿ. ಅಳಲೆಕಾಯಿ ಕುದಿಸಿ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಜಾಲಿಯಲ್ಲಿ ಒಗರು ಹೆಚ್ಚು. ತೊಗಲು ಹದ ಮಾಡಲು ಅದರ ತೊಗಟೆ ಹಾಕುವುದು ಅದಕ್ಕೇ. ಆ ಒಗರು, ಮೊಳೆಯ ಕಬ್ಬಿಣ, ಮಾಳಿಗೆ ಸೋರಿದ ಮಳೆನೀರು ಮೂರೂ ಕೂಡಿ ಎಂಬತ್ತು ವರ್ಷ ಕಟ್ಟಿಗೆಯೊಳಗೇ ಮಸಿ ಅರೆದಿವೆ. ಇದನ್ನು ಕಾಕಾಗೆ ವಿವರಿಸಿದೆ. “ಅಂದ್ರ ಮೇಷ್ಟ್ರ ಮನಿ ಜಂತಿ ಮೇಷ್ಟ್ರಂಗ ಆತು” ಎಂದರು. ಮೊಮ್ಮಗ ಪಾಲಿಶ್ ಹಾಕಿ ಮುಚ್ಚುತ್ತೇನೆಂದ. ಬೇಡವೆಂದೆ. ಅದೊಂದು ವಿಷಯದಲ್ಲಿ ಬೆಂಗಳೂರಿನ ಅಂಗಡಿಯವನ ಬುದ್ಧಿ ನನಗೂ ಬಂದಿತ್ತು.

ಹಳೇ ಕಟ್ಟಿಗೆಯೇ ಯಾಕೆ ಬೇಕು ಎಂದು ಮೊಮ್ಮಗ ಕೇಳಿದ್ದಕ್ಕೆ ಕಾಕಾ ಹೇಳಿದ ಮಾತು ಇದು. “ಹಸೀ ಕಟಿಗಿಗೆ ಹೊತ್ತಿಗೊಂದು ಬುದ್ಧಿ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಕುಗ್ಗತೈತಿ, ನಡುವ ಸೊಟ್ಟಗಾಗತೈತಿ. ಇದು ಎಲ್ಲಾ ಆಟ ಆಡಿ ಮುಗಿಸೈತಿ.” ಪುಸ್ತಕದ ಭಾಷೆಯಲ್ಲಿ ಇದನ್ನೇ ನಾನು ಹಿಂದೆ ಮಕ್ಕಳಿಗೆ ಹೇಳಿದ್ದೆ. ಮರದ ಎಳೆಗಳ ಗೋಡೆಯಲ್ಲಿ ಸೇರಿದ ನೀರು ಹೋಗುತ್ತ ಹೋಗುತ್ತ ಕಟ್ಟಿಗೆ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ವರ್ಷದ ಉಂಗುರದ ಗುಂಟ ಕುಗ್ಗುವುದು ಹೆಚ್ಚು, ಉಂಗುರಕ್ಕೆ ಅಡ್ಡವಾಗಿ ಸುಮಾರು ಅದರ ಅರ್ಧ. ಹಲಗೆ ಡೊಂಕಾಗುವುದು ಈ ಜಗಳದಿಂದಲೇ. ಎಂಬತ್ತು ಬೇಸಿಗೆ ಕಂಡ ತೊಲೆಯಲ್ಲಿ ಜಗಳ ಮುಗಿದು ಯಾವುದೋ ಕಾಲವಾಗಿದೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲೇ ದೊಡ್ಡ ಭಟ್ಟಿ. ಬೇರೆ ಕಡೆ ಕರೆಂಟು ಸುಟ್ಟು ಒಣಗಿಸುತ್ತಾರೆ, ಇಲ್ಲಿ ಪುಕ್ಕಟೆ.

ಹಳೆಯದೆಲ್ಲ ಗಟ್ಟಿ ಎಂದು ಕುರುಡಾಗಿ ನಂಬಬಾರದು, ಅದೂ ಸರಿ. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಎಳೆಯುವಾಗಲೇ ಉರುಳಿದ್ದನ್ನು ಈ ಸೀಮೆಯಲ್ಲಿ ಮರೆತವರಿಲ್ಲ. ಅವತ್ತಿನಿಂದ ಕಾಕಾ ಯಾವ ಕಟ್ಟಿಗೆಯನ್ನೂ ಉಳಿಯ ಹಿಡಿಯಿಂದ ಕುಟ್ಟಿ ಕಿವಿಗೊಡದೆ ಒಪ್ಪುವುದಿಲ್ಲ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಟೊಳ್ಳಾದಲ್ಲಿ ಬೊದ್ ಎನ್ನುತ್ತದೆ. ಹುಳ ತಿನ್ನುವುದು ಹೆಚ್ಚಾಗಿ ಹೊರಗಿನ ಬಿಳಿ ಭಾಗವನ್ನು, ಒಳಗಿನ ಕೆಚ್ಚಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ನಾಲ್ಕು ಜಂತಿಯಲ್ಲಿ ಒಂದು ಪೂರ್ತಿ ಬೊದ್ ಅಂತು. ಅದು ಒಲೆಗೆ ಹೋಯಿತು. ಅವತ್ತಿನ ರೊಟ್ಟಿ ಅದರ ಉರಿಯಲ್ಲೇ ಬೆಂದವು.

ಬೆಂಚು ಆಗುತ್ತಿರುವಾಗ ಕಾಕಾಗೆ ಹಳೇದೆಲ್ಲ ನೆನಪಾಗುತ್ತ ಹೋಯಿತು. ಅವರ ಕಾಲದಲ್ಲಿ ಹೊಸ ಮರ ಕಡಿಸುವುದು ಮದುವೆ ಮಾಡಿದಷ್ಟು ದೊಡ್ಡ ಸುದ್ದಿಯಂತೆ. ಮಿಕ್ಕಂತೆ ಇದ್ದದ್ದರಲ್ಲೇ ಮಾಡುವುದು. ಬಂಡಿಯ ಮೂಕಿ ಮುರಿದರೆ ಅದು ಮಂಚದ ಪಟ್ಟಿಯಾಗುತ್ತಿತ್ತು. ಮಂಚ ಸಡಿಲಾದರೆ ತೊಟ್ಟಿಲು. ತೊಟ್ಟಿಲು ಹಳತಾದರೆ ಊಟದ ಮಣೆ. ಮಣೆ ಸೀಳಿದರೆ ದನ ಕಟ್ಟುವ ಗೂಟ. ಗೂಟವೂ ಸವೆದ ಮೇಲೆ ಒಲೆ. “ಒಂದು ಕಟಿಗಿ ಕೈಗೆ ಬಂದ್ರ ನನ್ನಪ್ಪ ಮೊದಲು ಕೇಳ್ತಿದ್ದ, ಇದು ಇಷ್ಟು ದಿನ ಏನು ಮಾಡಿಕೋತ ಬಂದೈತಿ ಅಂತ. ಹೊತ್ತಿದ್ದನ್ನ ಹೊರಾಕ ಹಚ್ಚಬೇಕು, ಎಳದಿದ್ದನ್ನ ಎಳಿಯಾಕ ಹಚ್ಚಬೇಕು.” ಹಾಗಾಗಿ ತೊಲೆ ಬೆಂಚಿಗೆ ಸರಿ, ಮಾಳಿಗೆ ಹೊತ್ತದ್ದು ನಮ್ಮಿಬ್ಬರನ್ನು ಹೊರಲಾರದೇ? ಬಂಡಿಯ ಗಾಲಿಯನ್ನು ಮಲಗಿಸಿ ಮೇಲೆ ಗಾಜು ಹಾಕಿ ಹೊಟೇಲುಗಳಲ್ಲಿ ಮೇಜು ಮಾಡುತ್ತಾರೆಂದು ನಾನು ಹೇಳಿದಾಗ ಅವರಿಗೆ ಯಾಕೋ ಸರಿ ಬರಲಿಲ್ಲ. “ಓಡೋದನ್ನ ಮಲಗಿಸಿ ಅದರ ಮ್ಯಾಲ ಇಡ್ಲಿ ಇಡ್ತಾರ?” ಎಂದು ತಲೆ ಅಲ್ಲಾಡಿಸಿದರು.

ಅಣೆಕಟ್ಟಿನ ಮಾತೂ ಬಂತು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಿತು. ಹಿನ್ನೀರಿಗೆ ತೊಂಬತ್ತರಷ್ಟು ಹಳ್ಳಿ ಹೋದವು. ಕಾಕಾನ ತಂದೆ ಆಗ ಆ ಹಳ್ಳಿಗಳ ಕಡೆ ಕೂಲಿಗೆ ಹೋಗುತ್ತಿದ್ದರಂತೆ. ಕೆಲಸ ಕಟ್ಟುವುದಲ್ಲ, ಬಿಚ್ಚುವುದು. ಕಲ್ಲು ಮಣ್ಣು ಬಿಟ್ಟು ಜನ ಬಾಗಿಲು, ಚೌಕಟ್ಟು, ತೊಲೆ ಬಂಡಿಗೆ ಹೇರಿದರು. ಬಿಚ್ಚುವಾಗ ಒಂದೊಂದರ ಮೇಲೂ ಬಾಚಿಯ ಮೊನೆಯಿಂದ ಗೀರು ಹಾಕಬೇಕಿತ್ತು, ಒಂದು ಗೀರು ಪಡಸಾಲೆ, ಎರಡು ಗೀರು ಅಡುಗೆಮನೆ ಹೀಗೆ, ಹೊಸ ಊರಲ್ಲಿ ಮತ್ತೆ ಕೂಡಿಸುವುದಕ್ಕೆ. “ನಮ್ಮಪ್ಪ ಹೇಳ್ತಿದ್ದ, ಮುಂದ ಬಂಡಿ, ಬಂಡಿ ಮ್ಯಾಲ ಬಾಗ್ಲ, ಹಿಂದ ಮನಿಮಂದಿ. ಬಾಗ್ಲ ಹಿಂದ ಬಿಟ್ಟು ಹೋದವ್ರನ್ನ ನಾ ನೋಡಲಿಲ್ಲ ಅಂತ.” ನಾವು ಅದೇ ಬಾಗಿಲನ್ನು ಕ್ವಿಂಟಲು ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದೇವೆ. ಇದು ಕಾಕಾ ಹೇಳಿದ್ದಲ್ಲ, ನಾನೇ ಒಳಗೊಳಗೆ ಅಂದುಕೊಂಡದ್ದು.

ಗೀರು ಹಾಕಿ ಮನೆ ಬಿಚ್ಚಿ ಕೂಡಿಸುವ ಕೆಲಸವನ್ನು ನಾನು ದೊಡ್ಡದಾಗಿ ಕಂಡದ್ದು ಮಣಿಪಾಲದಲ್ಲಿ. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದ ವಿಜಯನಾಥ ಶೆಣೈ ಎಂಬವರು, ಕೆಡವಲು ಹೊರಟ ಹಳೇ ಮನೆಗಳನ್ನು ಹುಡುಕಿ ಹುಡುಕಿ ಬಿಚ್ಚಿಸಿ ತಂದು ಹಸ್ತಶಿಲ್ಪ ಎಂಬ ಪಾರಂಪರಿಕ ಹಳ್ಳಿಯನ್ನೇ ನಿಲ್ಲಿಸಿದರು. ನಮ್ಮ ಪಕ್ಕದ ಕುಕನೂರಿನ ಕೆತ್ತನೆ ಕಟ್ಟಿಗೆಯೂ ಅಲ್ಲಿ ನಿಂತಿದೆ. 2017ರಲ್ಲಿ ಅವರು ತೀರಿಕೊಂಡರು. ಆ ಕಂಬಗಳ ನಡುವೆ ನಿಂತಾಗ ನಮ್ಮೂರ ಕಡೆಯ ನೆಂಟರು ಪರಊರಲ್ಲಿ ಸಿಕ್ಕ ಹಾಗೆ ಅನಿಸಿತ್ತು, ಮಾತಾಡಿಸೋಣವೆಂದರೆ ನಡುವೆ ಹಗ್ಗ ಕಟ್ಟಿದ್ದರು. ತಮಿಳುನಾಡಿನ ಕಾರೈಕುಡಿಯಲ್ಲಿ ಇನ್ನೊಂದು ಬಗೆ. ಚೆಟ್ಟಿಯಾರರ ಬಂಗಲೆ ಒಡೆದರೆ ಬರ್ಮಾ ತೇಗದ ಕಂಬ, ಬಾಗಿಲು ಸಾಲಾಗಿ ಅಂಗಡಿಗೆ ಬಂದು ನಿಲ್ಲುತ್ತವೆ; ಬೆಂಗಳೂರಿನವರು ಲಾರಿ ತಂದು ಒಯ್ಯುತ್ತಾರೆ. ಅಲ್ಲಿಯ ಕಂಬಕ್ಕೆ ಬೆಲೆ ಕಟ್ಟುವವರಿದ್ದಾರೆ. ನಮ್ಮ ಕಂಬಕ್ಕೆ ಭಟ್ಟಿ ಇದೆ.

ನಮ್ಮೂರಲ್ಲಿ ಉಳಿದದ್ದು ಕಲ್ಲು. ಕಲ್ಲೇಶ್ವರನ ಗುಡಿ. ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ, 1057ರ ಸುಮಾರಿಗೆ, ಅವನ ಮಂತ್ರಿ ದೇಮರಸ ಕಟ್ಟಿಸಿದ್ದು. 1896ರಲ್ಲಿ ಅಲೆಕ್ಸಾಂಡರ್ ರೀ ಎಂಬ ಇಂಗ್ಲಿಷರ ಅಧಿಕಾರಿ ಬಾಗಳಿ, ಕುರುವತ್ತಿ, ಮಾಗಳದ ಗುಡಿಗಳ ಜೊತೆ ಇದರ ನಕ್ಷೆಯನ್ನೂ ಬರೆಸಿ ಪುಸ್ತಕ ಮಾಡಿದ. ಊರಿಗೆ ಬಂದ ನೆಂಟರನ್ನು ನಾನು ಕರೆದೊಯ್ದು ಇದನ್ನೆಲ್ಲ ಹೇಳುತ್ತೇನೆ. ಕಾಕಾ ಜೊತೆಗಿದ್ದರೆ ಬಾಗಿಲವಾಡದ ಮುಂದೆಯೇ ನಿಲ್ಲಿಸಿಬಿಡುತ್ತಾರೆ. “ನೋಡ್ರಿ, ಒಂದು ಪಟ್ಟಿ, ಅದರೊಳಗ ಇನ್ನೊಂದು ಪಟ್ಟಿ, ಅದರೊಳಗ ಬಳ್ಳಿ. ಇದು ಕಲ್ಲಿನ ಕೆಲಸ ಅಲ್ರಿ, ಕಟಿಗಿ ಕೆಲಸ. ನಮ್ಮವನ ಯಾರೋ ಉಳಿ ಬದಲಿ ಮಾಡ್ಯಾನ.” ಕಡೆದು ಉರುಟು ಮಾಡಿದ ಆ ಕಂಬಗಳನ್ನು ನೋಡಿದರೆ ಅವರ ಮಾತು ತೆಗೆದುಹಾಕಲಾಗದು. ಕಲ್ಲಿನ ಗುಡಿಗಳ ಎಷ್ಟೋ ವಿನ್ಯಾಸ ಮರದ ಕಟ್ಟಡದಿಂದಲೇ ಬಂದದ್ದೆಂದು ತಿಳಿದವರೂ ಹೇಳುತ್ತಾರೆ. ಮರದವು ಮಣ್ಣಾದವು, ಕಲ್ಲಿನ ನಕಲು ಉಳಿಯಿತು.

ಇರಲಿ, ಬೆಂಚಿಗೆ ಬರೋಣ. ಮೂರು ಭಾನುವಾರ ಹಿಡಿಯಿತು. ಕಮರ ಹೊಸದಿದ್ದಾಗಲೇ ನೀರಿಗೆ ಹಾಕಿದರೆ ಮುಳುಗುವ ಮರ, ಹಳತಾಗಿ ಗಟ್ಟಿಯಾದ ಮೇಲೆ ಕೇಳಬೇಕೇ? ಮೊಮ್ಮಗನ ಎರಡು ಬ್ಲೇಡು ಮೊಂಡಾದವು. ತೂತು ಕೊರೆದು, ಕಾಲಿನ ತುದಿಯನ್ನು ಅದರೊಳಗೆ ಕೂರಿಸಿ, ಬೆಣೆ ಹೊಡೆದು ಕೂಡಿಸಿದ್ದು; ಒಂದೂ ಮೊಳೆ ಇಲ್ಲ. ಇಪ್ಪತ್ತಾರು ಕಿತ್ತ ಮೇಲೆ ಮತ್ತೆ ಹೊಡೆಯಲು ಕಾಕಾಗೆ ಮನಸ್ಸಿರಲಿಲ್ಲ. ತೊಲೆಯ ನಡುಮಧ್ಯೆ ಎರಡು ದೊಡ್ಡ ತೂತುಗಳಿದ್ದವು. ಮೊಮ್ಮಗ ಅದಕ್ಕೆ ಗರಗಸದ ಹೊಟ್ಟು, ಅಂಟು ಕಲಸಿ ತುಂಬಲು ಕೂತ. ಒಳಗಿನಿಂದ ಮನೆಯಾಕೆ ಬಂದು ನೋಡಿ, “ಅದು ತೊಟ್ಟಿಲದ ಕೊಂಡಿ ತೂತಲ್ಲೇನು?” ಎಂದಳು. ಹೌದು. ನನ್ನನ್ನು, ನನ್ನ ಅಪ್ಪನನ್ನು, ನನ್ನ ಮಗನನ್ನು ತೂಗಿದ ಕೊಂಡಿಗಳು ಅಲ್ಲಿ ತೂಗುತ್ತಿದ್ದವು. ಹುಡುಗ ಅಂಟಿನ ಬಟ್ಟಲು ಕೆಳಗಿಟ್ಟ. ಆ ತೂತುಗಳು ಹಾಗೇ ಇವೆ. ಕೂತವರ ಜೇಬಿನಿಂದ ಬಿದ್ದ ಚಿಲ್ಲರೆ ಆಗಾಗ ಅದರೊಳಗೆ ಸಿಗುತ್ತದೆ.

ಬೆಂಚಿನ ಮೇಲೆ ದೂರುಗಳೂ ಇವೆ. ಸರಿಸಲು ನಾಲ್ಕು ಜನ ಬೇಕು, ಅಡಿಯ ಕಸ ಹೊಡೆಯಲು ಆಗುವುದಿಲ್ಲ ಎಂಬುದು ಮನೆಯಾಕೆಯದು. ಮಳೆ ಹಿಡಿದ ದಿನ ಹಳೇ ಒಲೆಯ ಹೊಗೆ ವಾಸನೆ ಬರುತ್ತದೆ ಎಂಬುದು ಸೊಸೆಯದು. ಆದರೆ ಅದರ ಎದುರಿಗೇ ಗೋಡೆಗೆ ನಿಂತಿರುವ ಕಪಾಟಿನ ಮುಂದೆ ಈ ದೂರು ಏನೂ ಅಲ್ಲ. ಹೊಸ ಮನೆಗೆಂದು ಕಂತಿನಲ್ಲಿ ತಂದ ಕಪಾಟದು, ಎಲ್ಲಿಂದ ಎಂಬುದು ಬೇಡ. ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ಮಳೆಗಾಲದಲ್ಲಿ ನೆಲ ಒರೆಸಿದ ನೀರು ತಾಗಿ ಕಾಲು ಉಬ್ಬಿತು, ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಉಬ್ಬಿ ಅಂಚು ಬಿಟ್ಟಿತು. ಒಳಗೆ ನೋಡಿದರೆ ಅದೂ ಮರವೇ, ಪುಡಿ ಮಾಡಿ ಅಂಟಿನಲ್ಲಿ ಒತ್ತಿದ್ದು. ಕಾಕಾ ಒಂದು ಚಿಟಿಕೆ ಬೆರಳಲ್ಲಿ ತಿಕ್ಕಿ ಮೂಸಿ, “ಇದು ಏನು ಮಾಡಿಕೋತ ಬಂದಿತ್ತು ಅಂತ ಇದಕ್ಕ ನೆನಪಿಲ್ಲ ಬಿಡ್ರಿ” ಅಂದರು. ಕಪಾಟು ಹೋಗುವ ಹಂತಕ್ಕೆ ಬಂದಿದೆ, ಕಂತು ಇನ್ನೂ ಏಳು ಬಾಕಿ.

ನಮ್ಮ ಬೆಂಚು ನೋಡಲು ಬಂದ ಓಣಿಯ ಮಂದಿಗೆಲ್ಲ ಒಂದೇ ಪ್ರಶ್ನೆ, “ನಮ್ಮನಿ ತೊಲಿ ಹ್ವಾದುವಲ್ರೀ ಮೇಷ್ಟ್ರ, ಈಗೇನ್ ಮಾಡೋದು?” ಕಾಕಾ ಬೇಲಿಯತ್ತ ಕೈ ತೋರಿಸುತ್ತಾರೆ. ತಮಾಷೆಗಲ್ಲ. ಬಳ್ಳಾರಿ ಜಾಲಿ ಎಂದು ಜಿಲ್ಲೆಯ ಹೆಸರು ಹೊತ್ತಿದ್ದರೂ ಇದು ನಮ್ಮ ಮರವಲ್ಲ. ಬರದ ಸೀಮೆಗೆ ಸೌದೆಯಾಗಲೆಂದು 1877ರಲ್ಲಿ ಜಮೈಕಾದಿಂದ ಬೀಜ ತಂದು ಕಡಪದ ಕಡೆ ಬಿತ್ತಿದ್ದು. ಅಲ್ಲಿಂದ ನಮ್ಮ ಸೀಮೆಯನ್ನೆಲ್ಲ ಹಬ್ಬಿ ಕೆರೆ, ಹಳ್ಳ, ಗೋಮಾಳ ನುಂಗಿ ಕೂತಿದೆ. ಇದ್ದಿಲು ಸುಡುವವರು ಬಿಟ್ಟರೆ ಇದನ್ನು ಯಾರೂ ಮರ ಎಂದು ಲೆಕ್ಕಕ್ಕೇ ಹಿಡಿದಿಲ್ಲ. ಆದರೆ ಇದರ ಬೀಗರು ಅಮೆರಿಕದಲ್ಲಿ ದೊಡ್ಡ ಮನುಷ್ಯರು. ಟೆಕ್ಸಾಸಿನಲ್ಲಿ ಇದೇ ಕುಲದ ಮೆಸ್ಕೀಟ್ ಮರದಲ್ಲಿ ದುಬಾರಿ ಮೇಜು ಮಾಡುತ್ತಾರೆ, ಒಣಗಿದರೂ ಬಹಳ ಕುಗ್ಗುವುದಿಲ್ಲವೆಂದು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಇನ್ನೊಂದು ದಾಯಾದಿ ಮರದ ತುಂಡುಗಳನ್ನು ಇಟ್ಟಂಗಿಯಂತೆ ಜೋಡಿಸಿ ಒಂದು ಕಾಲಕ್ಕೆ ರಸ್ತೆಗೇ ಹಾಸಿದ್ದರು. ಇಲ್ಲಿ ಅಡ್ಡಿ ಒಂದೇ, ಬೊಡ್ಡೆ ನೆಟ್ಟಗೆ ಬೆಳೆಯುವುದಿಲ್ಲ. ಮೂರಡಿ ಸೀದಾ ತುಂಡು ಸಿಕ್ಕರೆ ಹಬ್ಬ.

ಕಾಕಾ ಅದಕ್ಕೂ ದಾರಿ ಹುಡುಕಿದರು. ನಮ್ಮ ಬೇಲಿಯ ಒಂದು ಹಳೇ ಬೊಡ್ಡೆ ಕಡಿಸಿ, ಆರು ತಿಂಗಳು ನೆರಳಲ್ಲಿ ಒಗೆದು, ಸೊಟ್ಟ ಕೊಂಬೆಗಳನ್ನೇ ಕಾಲು ಮಾಡಿ ಒಂದು ಮುಕ್ಕಾಲಿ ಮಾಡಿಸಿದರು. ಮುಕ್ಕಾಲಿಗೆ ನೆಲ ಏರುಪೇರಾದರೂ ಕುಂಟುವುದಿಲ್ಲ, ಅದರ ಮೂರು ಕಾಲೂ ನೆಲಕ್ಕೆ ತಾಗಿಯೇ ತಾಗುತ್ತವೆ. ಕೆಚ್ಚು ಒಳ್ಳೆ ಬೆಲ್ಲದ ಬಣ್ಣ. ಕೊಬ್ಬರಿ ಎಣ್ಣೆ ತಿಕ್ಕಿದ ಮೇಲೆ ಬೇಲಿಯ ಕಂಟಿ ಇದೇ ಎಂದರೆ ನಂಬುವ ಹಾಗಿಲ್ಲ. ಬೇಲಿಗೆ ಅಲ್ಲಿ ಇನ್ನೊಂದು ಕಿಂಡಿಯಾಯಿತು, ಅದು ಬೇರೆ ಮಾತು. ಈಗ ಕೂತು ಮಾತಾಡಲು ಅವರಿಗೆ ಆಚೆ ಮುಕ್ಕಾಲಿ, ನನಗೆ ಈಚೆ ಕಟ್ಟೆ.

ಹೀಗೆ ಎಲ್ಲದಕ್ಕೂ ದಾರಿ ಸಿಕ್ಕಿತು, ಹೊಸ್ತಿಲಿಗೆ ಮಾತ್ರ ಸಿಕ್ಕಿರಲಿಲ್ಲ. ಅದೇ ಒಳ್ಳೇ ಕಟ್ಟಿಗೆ. ಕೈಯಗಲದಷ್ಟು ದಪ್ಪದ ತೇಗ, ನಡುವೆ ಮಾತ್ರ ತುಸು ತಗ್ಗು. ಹೊಸ್ತಿಲನ್ನು ತುಳಿಯಬಾರದು ಎಂದು ಎಲ್ಲರಿಗೂ ಹೇಳಿ ಬೆಳೆಸಿದ ಮನೆ ನಮ್ಮದು. ಆದರೂ ಆ ತಗ್ಗು ಬಿದ್ದಿದೆ, ಯಾರ ಕಾಲಿನದೋ. ಮೇಲ್ಮೈಯಲ್ಲಿ ಅರಿಷಿಣ ಎಷ್ಟು ಇಳಿದಿದೆಯೆಂದರೆ ಉಗುರಲ್ಲಿ ಗೀರಿದರೆ ಈಗಲೂ ಹಳದಿ. ಬೇಲಿಗೆ ಒರಗಿದ್ದರೂ ಶುಕ್ರವಾರ ಶುಕ್ರವಾರ ಮನೆಯಾಕೆ ಹೋಗಿ ಅದಕ್ಕೊಂದು ಬೊಟ್ಟು ಇಟ್ಟು ಬರುತ್ತಾಳೆ. ಬೇಲಿಗೆ ಪೂಜೆ ಮಾಡುತ್ತಾರೆ ಮೇಷ್ಟ್ರ ಮನೆಯವರು ಎಂದು ಓಣಿಯ ಹುಡುಗರು ಆಡಿಕೊಳ್ಳುತ್ತಾರೆ.

“ಚಲೋ ಇನ್ನೊಂದು ಬೆಂಚ್ ಆಗತೈತಲ್ರಿ ಕಾಕಾ” ಎಂದು, ಕಾಕಾ ಬೇಲಿಯಾಚೆಯಿಂದ ಹೊಸ್ತಿಲ ಮಾತೆತ್ತಿದ ಅವತ್ತು, ನಾನು ಸುಮ್ಮನೆ ಅಂದೆ.

“ಬೆಂಚಾ?” ಕಾಕಾ ಮುಕ್ಕಾಲಿ ಬಿಟ್ಟು ಎದ್ದೇಬಿಟ್ಟರು. “ಹೊಸ್ತಿಲ ಮ್ಯಾಲ ಕುಂಡ್ರಬ್ಯಾಡ ಅಂತ ಹುಟ್ಟಿದಾಗಿಂದ ಬೈಸಿಕೊಂಡೀವಿ. ಈಗ ಕಾಲ ಹಚ್ಚಿ ಕುಂಡ್ರತೀರೇನು? ನಾ ಉಳಿ ಹಚ್ಚಾಂಗಿಲ್ಲ, ನನ್ನ ಮೊಮ್ಮಗನ್ನೂ ಬಿಡಾಂಗಿಲ್ಲ.”

“ಪುಸ್ತಕದ ಹಲಗಿ?”

“ತಲಿ ಮಟ್ಟಕ್ಕ ಏರಿಸಿದ್ರ ಅದು ಹೊಸ್ತಿಲ ಹೆಂಗಾದೀತು?”

“ದೇವರ ಜಗಲಿಗೆ?”

“ಊರ ಕಾಲೆಲ್ಲ ದಾಟಿದ್ದು, ದೇವರ ಕೆಳಗ ಇಡ್ತೀರಾ?”

ಮೇಲೆ ಇಡುವಂತಿಲ್ಲ, ಕೂರುವಂತಿಲ್ಲ, ದೇವರಿಗೂ ಆಗದು, ಒಲೆಗೂ ಆಗದು. ನಾನು ಸುಮ್ಮನಾದೆ. ಕಾಕಾ ಹೊಸ ಕಿಂಡಿಯಲ್ಲಿ ನುಸುಳಿ ಈ ಕಡೆ ಬಂದರು. ಅಂಗಿಗೆ ಮುಳ್ಳು ಸಿಕ್ಕಿ ಹರಿದದ್ದೂ ಅವರಿಗೆ ತಿಳಿಯಲಿಲ್ಲ. ಹೊಸ್ತಿಲ ಉದ್ದಕ್ಕೆ ಗೇಣು ಹಾಕಿದರು. ಒಂದು, ಎರಡು, ಐದು, ಮೇಲೆ ಮೂರು ಬೆರಳು. ಆಮೇಲೆ ನನ್ನನ್ನು ಕೇಳದೆ ನೆಟ್ಟಗೆ ಹೊಸ ಮನೆಯ ಹಿತ್ತಲ ಬಾಗಿಲಿಗೆ ಹೋದರು. ಅಲ್ಲಿ ಗೌಂಡಿ ಒಂದು ಸಣ್ಣ ಸಿಮೆಂಟಿನ ದಿಂಡು ಎಳೆದಿದ್ದ, ಈಗಾಗಲೇ ನಡುವೆ ಸೀಳಿತ್ತು. ಅದರ ಮೇಲೂ ಗೇಣು ಹಾಕಿದರು. ನಾಲ್ಕೂವರೆ.

“ಕಟಿಗಿ ಅರ್ಧ ಗೇಣಿನ ಮ್ಯಾಲ ಉದ್ದ ಆತು” ಎಂದೆ. “ಎರಡೂ ತುದಿ ಸ್ವಲ್ಪ ಸ್ವಲ್ಪ ಕೊಯ್ಯಸೋಣೇನು?”

ಕಾಕಾ ನನ್ನನ್ನು ನೋಡಿದ ರೀತಿಗೆ ಮೂವತ್ತೈದು ವರ್ಷ ಮೇಷ್ಟ್ರಗಿರಿ ಮಾಡಿದ್ದು ನಾನಲ್ಲವೇನೋ ಅನಿಸಿತು.

“ಗ್ವಾಡಿ ಕೆತ್ತಸ್ರಿ” ಎಂದರು.

ಅಡುಗೆಮನೆಯಿಂದ ಮನೆಯಾಕೆ, ಕೈಯಲ್ಲಿ ರೊಟ್ಟಿ ಹಿಟ್ಟು ಇರುವಂತೆಯೇ, ಹೊರಗೆ ಬಂದಳು. “ಮಾವ, ಗೌಂಡಿಗೆ ಇವರು ಫೋನ್ ಮಾಡ್ತೀನಿ ಅಂತ ಹೇಳಿ ಮರೀತಾರ. ನೀವ ಮಾಡ್ರಿ. ಶುಕ್ರವಾರದೊಳಗ ಬಾ ಅನ್ರಿ.”